ಕ್ಯಾನನ್ 1500ಡಿ: ನಾಲ್ಕು ವರ್ಷ ‘ಎಂ’ ಮೋಡ್‌ನಲ್ಲಿ ಬಳಸಿದ ಮೇಲೆ

ನಾನು ಕೊಪ್ಪಳದವನು. ಈ ಕ್ಯಾಮೆರಾ, ಅದರ ಜೊತೆ ಬರುವ 18-55 ಎಂಎಂ ಜೂಮ್ ಲೆನ್ಸ್ ತಗೊಂಡು ನಾಲ್ಕು ವರ್ಷ ದಾಟಿತು. ಮೊದಲ ಆರು ತಿಂಗಳು ಎಲ್ಲವನ್ನೂ ಕ್ಯಾಮೆರಾಕ್ಕೇ ಬಿಟ್ಟು ಆಟೋ ಮೋಡ್‌ನಲ್ಲೇ ತೆಗೆದೆ. ಫೋಟೊ ಚೆನ್ನಾಗೇ ಬರುತ್ತಿದ್ದವು, ಆದರೆ ಎಲ್ಲವೂ ಒಂದೇ ಥರ.

ಒಂದು ದಿನ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿದ್ದೆ. 1112ರಲ್ಲಿ ಕಟ್ಟಿಸಿದ ಗುಡಿ. ಒಳಗೆ ನನಗೆ ಕಂಡಿದ್ದು ಕತ್ತಲು, ಆ ಕತ್ತಲಲ್ಲಿ ಕಂಬದ ಒಂದು ಅಂಚಿಗೆ ಮಾತ್ರ ಬಾಗಿಲಿಂದ ಬಿದ್ದ ಬೆಳಕು. ಫೋಟೊದಲ್ಲಿ ಬಂದಿದ್ದು ಬೂದು ಕಂಬ, ಬಾಗಿಲಿನ ಜಾಗದಲ್ಲಿ ಬರೀ ಬಿಳಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್, ಎದುರಿಗೆ ಏನೇ ಇರಲಿ, ಅದನ್ನು ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕತ್ತಲನ್ನು ಬೆಳಗಿಸುತ್ತದೆ, ಹತ್ತಿ ಹೊಲದ ಬಿಳಿಯನ್ನು ಮಬ್ಬು ಮಾಡುತ್ತದೆ. ಅವತ್ತೇ ಮೋಡ್ ಡಯಲ್ ‘ಎಂ’ಗೆ, ಅಂದರೆ ಮ್ಯಾನ್ಯುವಲ್‌ಗೆ ತಿರುಗಿಸಿದೆ. ಇದರಲ್ಲಿ ಶಟರ್ (ಬೆಳಕು ಒಳಬರುವ ಸಮಯ), ಅಪರ್ಚರ್ (ಲೆನ್ಸ್ ತೆರೆಯುವ ಅಗಲ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು), ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಚುರುಕು) ಮೂರನ್ನೂ ನಾವೇ ಇಡಬೇಕು.

ಈ ಕ್ಯಾಮೆರಾದಲ್ಲಿ ಸ್ಪಾಟ್ ಮೀಟರಿಂಗ್ ಇಲ್ಲ, ಅಂದರೆ ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯಲು ಆಗದು. ಪಾರ್ಷಿಯಲ್ ಇದೆ, ನಡುವಿನ ಸ್ವಲ್ಪ ಜಾಗವನ್ನಷ್ಟೇ ಅಳೆಯುತ್ತದೆ. ನನಗೆ ಅದೇ ಸಾಕಾಯಿತು. ಮುಂದಿನ ಸಲ ಇಟಗಿಯಲ್ಲಿ ಬೆಳಕು ಬಿದ್ದ ಅಂಚಿಗೆ ಹತ್ತಿರ ಹೋಗಿ ಅಳೆದೆ. ಹಿಂದೆ ಬಂದು, ನೆಲದ ಮೇಲೆ ಕೂತು, ಮೊಣಕೈ ಮೊಣಕಾಲಿಗೆ ಒತ್ತಿಕೊಂಡು ತೆಗೆದೆ. ಎಫ್ 4, 1/15 ಸೆಕೆಂಡ್, ಐಎಸ್‌ಒ 800. ಕಂಬದ ಮೇಲೆ ಬಳೆಯಂತೆ ಕಡೆದ ಗೆರೆಗಳು ಒಂದೊಂದಾಗಿ ಎದ್ದು ಕಂಡವು. ಉಳಿದದ್ದೆಲ್ಲ ಕಪ್ಪು. ನನಗೆ ಬೇಕಿದ್ದದ್ದು ಅದೇ.

ಕಲಿತದ್ದು ಜಾಸ್ತಿ ನಮ್ಮೂರ ಗವಿಮಠದ ಜಾತ್ರೆಯಲ್ಲಿ. ತೇರು ಎಳೆಯುವಾಗ ಜನ ಉತ್ತತ್ತಿ ಎಸೆಯುತ್ತಾರಲ್ವಾ? ಮೊದಲ ವರ್ಷ 1/500, ಎಫ್ 5.6, ಐಎಸ್‌ಒ 800 ಇಟ್ಟೆ. ಉತ್ತತ್ತಿ ಗಾಳಿಯಲ್ಲೇ ನಿಂತಿದ್ದವು. ಮರುವರ್ಷ ಅಷ್ಟೇ ಬೆಳಕಿಗೆ 1/30, ಎಫ್ 8, ಐಎಸ್‌ಒ 100. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಇಲ್ಲವೇ ಅರ್ಧ. ಶಟರ್‌ನಲ್ಲಿ ನಾಲ್ಕು ಸ್ಟಾಪ್ ಬೆಳಕು ಹೆಚ್ಚಾಯಿತು. ಅಪರ್ಚರ್‌ನಲ್ಲಿ ಒಂದು, ಐಎಸ್‌ಒದಲ್ಲಿ ಮೂರು ಇಳಿಸಿದೆ. ಲೆಕ್ಕ ಸರಿಹೋಯಿತು. ಎರಡೂ ಫೋಟೊ ಬೆಳಕಿನಲ್ಲಿ ಒಂದೇ, ಆದರೆ ಎರಡನೆಯದರಲ್ಲಿ ಕೈಗಳು, ಉತ್ತತ್ತಿ ಗೆರೆಗಳಾಗಿದ್ದವು. ಅವ್ವ ಎರಡನ್ನೂ ನೋಡಿ, “ಇದರಾಗ ಮಂದಿ ಒಗ್ಯಾಕತ್ತಾರ ನೋಡು, ಅದರಾಗ ಸುಮ್ನ ನಿಂತಾರ” ಅಂದಳು. ಈಗ ಗುಂಡಿ ಒತ್ತುವ ಮೊದಲು ನಾನು ಕೇಳಿಕೊಳ್ಳುವುದು ಅದನ್ನೇ: ಇದು ಓಡಬೇಕಾ, ನಿಲ್ಲಬೇಕಾ?

ಈ ಲೆನ್ಸ್‌ನಲ್ಲಿ ಒಂದು ವಿಷಯ ಮೊದಲೇ ತಿಳಿದಿರಲಿ. 18ರಲ್ಲಿ ಅಪರ್ಚರ್ ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ಹೋದರೆ ಎಫ್ 5.6. ನೀವು 3.5 ಇಟ್ಟು ಜೂಮ್ ಮಾಡಿದರೆ ಫೋಟೊ ಕಪ್ಪಾಗುತ್ತದೆ, ಒಂದು ಸ್ಟಾಪ್‌ಗಿಂತ ಜಾಸ್ತಿ. ಮೊದಲ ಜಾತ್ರೆಯಲ್ಲಿ ಹೀಗೇ ಎಷ್ಟೋ ಫೋಟೊ ಹೋದವು, ಇವತ್ತಿಗೂ ಬೇಜಾರಿದೆ. ಎಂ ಮೋಡ್‌ನಲ್ಲಿ ಜೂಮ್ ಮಾಡುವುದಾದರೆ ಎಫ್ 5.6 ಅಥವಾ ಮೇಲೆ ಇಡಿ.

ಶಟರ್, ಅಪರ್ಚರ್ ಎರಡಕ್ಕೂ ಡಯಲ್ ಒಂದೇ. ತಿರುಗಿಸಿದರೆ ಶಟರ್. ಅಪರ್ಚರ್ ಬೇಕೆಂದರೆ ಕ್ಯಾಮೆರಾದ ಹಿಂಬದಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ತಿರುಗಿಸಬೇಕು. ಮೊದಲ ತಿಂಗಳು ಕಷ್ಟ, ಆಮೇಲೆ ಕಣ್ಣು ತೆಗೆಯದೆ ಆಗುತ್ತದೆ. ಸಾಣಾಪುರದ ಬಂಡೆಗಳ ನಡುವೆ ಮಧ್ಯಾಹ್ನ ಸ್ಕ್ರೀನ್ ನಂಬಬೇಡಿ, ಹಿಸ್ಟೋಗ್ರಾಂ (ಫೋಟೊದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ. ಐಎಸ್‌ಒ 3200ರ ಮೇಲೆ ನಾನು ಹೋಗುವುದಿಲ್ಲ, ಕಾಳುಕಾಳಾಗುತ್ತದೆ. ಬೇಸಿಗೆಯ ಗಾಳಿಯಲ್ಲಿ ಲೆನ್ಸ್ ಬದಲಿಸಿ ಸೆನ್ಸರ್‌ಗೆ ಧೂಳು ಹಾಕಿಕೊಂಡೆ. ಎಫ್ 16ರಲ್ಲಿ ಆಕಾಶದ ತುಂಬ ಚುಕ್ಕೆ. ಧೂಳು ಊದಿ ತೆಗೆಯುವ ಬ್ಲೋವರ್ ಒಂದು ಇಟ್ಟುಕೊಳ್ಳಿ.

ಹೊಸದೇ ಬೇಕೆಂದಿಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಕಲಿಯೋದಕ್ಕೆ ಸಾಕು. ಉಳಿದ ದುಡ್ಡಿಗೆ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಇಟಗಿಯಲ್ಲಿ ಈಗ ನಾನು ಅದನ್ನೇ ಹಾಕುತ್ತೇನೆ.