ಹೋಂಸ್ಟೇ, ಕಾಫಿಪುಡಿ ವ್ಯಾಪಾರಕ್ಕೆ ಯಾವ ಸಿಆರ್‌ಎಂ? ನಾಲ್ಕನ್ನು ಬಳಸಿ ನೋಡಿದ ಮೇಲೆ

ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮದು ಸಣ್ಣ ತೋಟ, ಜೊತೆಗೊಂದು ಹೋಂಸ್ಟೇ. ಕಾಫಿಪುಡಿ, ಕಾಳುಮೆಣಸು, ಕಾಚಂಪುಳಿಯನ್ನು (ಅಡುಗೆಗೆ ಹಾಕುವ ನಮ್ಮ ಕಡೆಯ ಹುಳಿ) ಕೊರಿಯರ್‌ನಲ್ಲೂ ಕಳಿಸುತ್ತೇವೆ. ಒಮ್ಮೆ ಬಂದವರು ಮತ್ತೆ ಬರಬೇಕು, ಊರಿಗೆ ಹೋದ ಮೇಲೂ ಪುಡಿ ತರಿಸಿಕೊಳ್ಳಬೇಕು, ವ್ಯಾಪಾರ ನಿಂತಿರುವುದೇ ಇದರ ಮೇಲೆ. ಹಾಗಾಗಿ ಯಾರು ಏನು ಕೇಳಿದ್ದರು, ಯಾರಿಗೆ ರೇಟು ಹೇಳಿ ಸುಮ್ನೆ ಬಿಟ್ಟಿದ್ದೇವೆ ಅನ್ನೋದು ಒಂದು ಕಡೆ ಸಿಗಬೇಕಿತ್ತು. ಗಿರಾಕಿಗಳ ಲೆಕ್ಕ ಹೀಗೆ ಇಡುವ ಸಾಫ್ಟ್‌ವೇರಿಗೇ ಸಿಆರ್‌ಎಂ ಅನ್ನುತ್ತಾರೆ. ಗೂಗಲ್ ಶೀಟ್ಸ್, ವಾಟ್ಸಾಪ್ ಬಿಸಿನೆಸ್, ಜೋಹೋ ಅನ್ನೋ ಸಾಫ್ಟ್‌ವೇರ್ ಕಂಪನಿಯ ಬಿಗಿನ್, ಹಬ್‌ಸ್ಪಾಟ್, ನಾಲ್ಕನ್ನೂ ಬಳಸಿ ನೋಡಿದೆ. ಎಲ್ಲದಕ್ಕೂ ನನ್ನ ಪ್ರಶ್ನೆ ಒಂದೇ. ಸಂಜೆ ಕೆಲಸ ಮುಗಿದ ಮೇಲೆ ಕೂತು ಇದರಲ್ಲಿ ಎಂಟ್ರಿ ಮಾಡುವವರು ಯಾರು?

ಶೀಟ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖರ್ಚಿಲ್ಲ. ಆಫ್‌ಲೈನ್ ಆನ್ ಮಾಡಿಟ್ಟರೆ ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗಲೂ ಫೋನಿನಲ್ಲಿ ತೆರೆಯುತ್ತದೆ, ಕೊಡಗಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಆದರೆ ಇವತ್ತು ಯಾರಿಗೆ ಫೋನ್ ಮಾಡಬೇಕು ಅಂತ ಅದು ತಾನಾಗಿ ಹೇಳುವುದಿಲ್ಲ.

ವಾಟ್ಸಾಪ್ ಬಿಸಿನೆಸ್ ಬಂದಿದ್ದು 2018ರಲ್ಲಿ. ಗಿರಾಕಿ ಮಾತಾಡುವುದೇ ಅಲ್ಲಿ, ಹಾಗಾಗಿ ಅರ್ಧ ಎಂಟ್ರಿ ತಾನಾಗಿಯೇ ಆಗಿರುತ್ತದೆ. 'ಅಡ್ವಾನ್ಸ್ ಬಂದಿದೆ', 'ಪುಡಿ ಕಳಿಸಬೇಕು' ಅಂತ ಲೇಬಲ್ ಹಾಕಿದರೆ ಮುಗಿಯಿತು. ದಾರಿ ಕೇಳಿದವರಿಗೆ ಕ್ವಿಕ್ ರಿಪ್ಲೈ (ಮೊದಲೇ ಬರೆದಿಟ್ಟ ಉತ್ತರ), ರೇಟು ಕೇಳಿದವರಿಗೆ ಕ್ಯಾಟಲಾಗ್. ಬೆಂಗಳೂರು, ಮೈಸೂರಿನವರು ಗುರುವಾರ ರಾತ್ರಿ ಕೇಳಿ ಶನಿವಾರ ಬರುವವರು. ಅವರಿಗೆ ಬೇಕಾದದ್ದು ಹತ್ತು ನಿಮಿಷದೊಳಗೆ ಉತ್ತರ, ಅಷ್ಟೇ. ತೊಂದರೆ ಶುರುವಾಗುವುದು ಆಮೇಲೆ. ಹೊಸ ಮೆಣಸು ಒಣಗಿದೆ ಅಂತ ಹಳೆಯ ಗಿರಾಕಿಗಳಿಗೆಲ್ಲ ಹೇಳಬೇಕೆಂದರೆ ಒಂದೇ ಸಲ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಒಂದಕ್ಕೆ 256 ಜನರ ಮಿತಿ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಎರಡು ವರ್ಷದ ಹಿಂದೆ ಯಾರು ಎಷ್ಟು ತರಿಸಿದ್ದರು ಅಂತ ನೋಡಲು ಚಾಟ್ ಮೇಲಕ್ಕೆ ಸರಿಸುತ್ತಾ ಕೂರಬೇಕು.

ಬಿಗಿನ್ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಕೆಫೆಗಳ ಜೊತೆಗಿನ ವ್ಯವಹಾರದಲ್ಲಿ. 2020ರಲ್ಲಿ ಜೋಹೋ ಇದನ್ನು ಸಣ್ಣ ವ್ಯಾಪಾರಿಗಳಿಗೆಂದೇ ಬಿಟ್ಟಿತು. ಕೆಫೆಯವರ ದಾರಿ ಉದ್ದ. ಕಾಫಿಬೀಜದ ಸ್ಯಾಂಪಲ್ ಕಳಿಸಬೇಕು, ಅವರು ಹುರಿದು ಕುಡಿದು ನೋಡಬೇಕು, ರೇಟಿನ ಮಾತು ಆಗಬೇಕು, ಆಮೇಲೆ ಆರ್ಡರ್, ಕೊನೆಗೆ ದುಡ್ಡು. ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ ಕಳಿಸಿದ ಸ್ಯಾಂಪಲ್ ಬಗ್ಗೆ ಏಪ್ರಿಲ್‌ನಲ್ಲಿ ಕೇಳಬೇಕು ಅನ್ನೋದು ಯಾರಿಗೆ ನೆನಪಿರುತ್ತದೆ? ಇಲ್ಲಿ ಪ್ರತಿ ಕೆಫೆಗೂ ಒಂದು ಕಾರ್ಡ್, ಅದನ್ನು ಹಂತದಿಂದ ಹಂತಕ್ಕೆ ಬೆರಳಲ್ಲಿ ಎಳೆದು ಬಿಡುವುದು, ಮುಂದಿನ ಫೋನಿಗೆ ದಿನ ಹಾಕಿಡುವುದು. ಇಂಥವರು ಕೆಲವರೇ ಇರುವುದರಿಂದ ಟೈಪ್ ಮಾಡುವುದು ಭಾರ ಅನ್ನಿಸುವುದಿಲ್ಲ. ಹೋಂಸ್ಟೇಗೆ ಇದೇ ವ್ಯವಸ್ಥೆ ಬೇಡ, ಕಾರ್ಡ್ ಮಾಡುವಷ್ಟರಲ್ಲಿ ಅತಿಥಿಗಳು ಬೇರೆ ಕಡೆ ಬುಕ್ ಮಾಡಿರುತ್ತಾರೆ. (ಜೋಹೋ ತಮಿಳುನಾಡಿನ ತೆಂಕಾಸಿ ಕಡೆಯ ಹಳ್ಳಿಯಲ್ಲಿ ಆಫೀಸ್ ನಡೆಸುತ್ತದೆ. ನಮ್ಮ ಪಕ್ಕದ ಪೊನ್ನಂಪೇಟೆಗೂ ಅಂಥದ್ದೊಂದು ಬಂದರೆ ನಮ್ಮ ಮಕ್ಕಳೆಲ್ಲ ಬೆಂಗಳೂರಿಗೇ ಹೋಗಬೇಕಾಗಿರಲಿಲ್ಲ, ಅಲ್ವಾ?)

ಹಬ್‌ಸ್ಪಾಟ್ 2014ರಿಂದ ಉಚಿತ ಸಿಆರ್‌ಎಂ ಕೊಡುತ್ತಿದೆ. ಅದರ ಒಳ್ಳೆಯ ಗುಣ ವೆಬ್‌ಸೈಟಿನ ಫಾರ್ಮ್, ಗಿರಾಕಿಯೇ ತನ್ನ ಹೆಸರು, ಬೇಡಿಕೆ ತುಂಬುತ್ತಾನೆ, ನಮಗೆ ಎಂಟ್ರಿಯ ಕೆಲಸವೇ ಇಲ್ಲ. ಈಮೇಲ್‌ನಲ್ಲಿ ವ್ಯವಹಾರ ಮಾಡುವವರಿಗೆ ತುಂಬಾ ಚೆನ್ನಾಗಿದೆ. ನಮ್ಮ ಅತಿಥಿಗಳು ಮೇಲ್ ಬರೆಯುವವರಲ್ಲ, ದುಡ್ಡು ಕೊಡುವ ಮೇಲಿನ ಪ್ಲಾನ್‌ಗಳು ನಮ್ಮ ಜೇಬಿಗೆ ಹೊಂದುವಂಥವೂ ಅಲ್ಲ.

ಈ ಸಾಫ್ಟ್‌ವೇರ್ ಬೆಳೆದ ರೀತಿ ನೋಡಿದರೂ ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ. 1993ರಲ್ಲಿ ಶುರುವಾದ ಸೀಬೆಲ್ ಅನ್ನೋ ಕಂಪನಿಯ ಸಿಆರ್‌ಎಂ ದೊಡ್ಡ ಕಂಪನಿಗಳಿಗೆ ಮಾಡಿದ್ದು, ಅವರವರ ಸರ್ವರ್‌ನಲ್ಲೇ ಕೂರಿಸಬೇಕಿತ್ತು. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಅದನ್ನು ಬ್ರೌಸರ್‌ಗೆ ತಂದು ಬಾಡಿಗೆಗೆ ಕೊಟ್ಟಿತು. 2005ರಲ್ಲಿ ಒರಾಕಲ್ ಸೀಬೆಲ್ ಅನ್ನು ಕೊಳ್ಳುವುದಾಗಿ ಹೇಳಿತು, ಅದೇ ವರ್ಷ ಜೋಹೋ ಸಿಆರ್‌ಎಂ ಬಂತು. ಬೆಲೆ ಇಳಿಯುತ್ತಾ ನಮ್ಮ ತೋಟದವರೆಗೂ ಬಂತು, ಟೈಪ್ ಮಾಡುವ ಕೆಲಸ ಮಾತ್ರ ಮನುಷ್ಯನ ತಲೆ ಮೇಲೇ ಉಳಿಯಿತು. 2024ರಲ್ಲಿ ಸೇಲ್ಸ್‌ಫೋರ್ಸ್ ತಂದ ಏಜೆಂಟ್‌ಫೋರ್ಸ್‌ನಂಥ ಎಐ ಆ ಕೆಲಸವನ್ನೇ ಕೈಗೆತ್ತಿಕೊಳ್ಳಲು ಹೊರಟಿದೆ. ನನಗೆ ಬೇಕಾದದ್ದು ಅದರ ಸಣ್ಣ ರೂಪ. ಕನ್ನಡ, ಕೊಡವ ತಕ್ಕ್, ಇಂಗ್ಲಿಷ್ ಮೂರನ್ನೂ ಬೆರೆಸಿ ನಾನು ಹೇಳಿದ ವಾಯ್ಸ್ ನೋಟ್ ಕೇಳಿ 'ಮುಂದಿನ ವಾರ ಎರಡು ಕೆಜಿ ಪುಡಿ' ಅಂತ ಸರಿಯಾದ ಗಿರಾಕಿಯ ಹೆಸರಿಗೆ ಬರೆದಿಡಬೇಕು. ಅಷ್ಟನ್ನು ಮಾಡುವ ಆ್ಯಪ್‌ಗೆ ತಿಂಗಳ ಬಾಡಿಗೆ ಕೊಡಲು ನಾನು ಸಿದ್ಧ.

ಅಲ್ಲಿಯವರೆಗೆ ಹೋಂಸ್ಟೇಗೆ ವಾಟ್ಸಾಪ್, ಕೆಫೆಗಳಿಗೆ ಬಿಗಿನ್. ಯಾವುದನ್ನು ಆರಿಸಿದರೂ ಸೇರುವ ಮೊದಲೇ ಡೇಟಾ ಹೊರಗೆ ತೆಗೆಯುವ ಬಟನ್ ಎಲ್ಲಿದೆ ಅಂತ ನೋಡಿಕೊಳ್ಳಿ. ಅತಿಥಿಗಳ ಆಧಾರ್ ಫೋಟೋಗಳನ್ನು ಚಾಟ್‌ನಲ್ಲಿ ಹಾಗೇ ಬಿಟ್ಟಿದ್ದರೆ ಇವತ್ತೇ ಅಳಿಸಿ. 2023ರಲ್ಲಿ ವೈಯಕ್ತಿಕ ಡೇಟಾಗೆಂದೇ ಕಾಯ್ದೆ ಬಂದಿದೆ, ಕಾಯ್ದೆ ಇರಲಿ ಬಿಡಲಿ, ನಮ್ಮ ಮನೆಗೆ ಬಂದವರ ಗುರುತಿನ ಚೀಟಿ ಅದು.