ಟಿಎನ್5 ಟ್ರಾನ್ಸ್‌ಪೋಸಾನ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ

ಬ್ಯಾಕ್ಟೀರಿಯಾದಲ್ಲಿ ಒಂದು ಗುಣಕ್ಕೆ ಕಾರಣವಾದ ಜೀನ್ ಹುಡುಕಲು ಈ ಕಿಟ್ ಕೊಳ್ಳಬಹುದಾ? ಕೊಳ್ಳಿ. ಆದರೆ ಇದು ಜೀನ್ ಮೇಲೆ ಅನುಮಾನ ಹುಟ್ಟಿಸುತ್ತದೆ ಅಷ್ಟೆ. ಸಾಬೀತು ಮಾಡುವ ಕೆಲಸ ನಿಮ್ಮದೇ.

ಟ್ಯೂಬ್‌ನಲ್ಲಿ ಇರುವುದು ಟ್ರಾನ್ಸ್‌ಪೋಸಾನ್, ಅಂದರೆ ಬೇರೆ ಡಿಎನ್‌ಎಗೆ ಜಿಗಿದು ಸೇರುವ ಡಿಎನ್‌ಎ ತುಂಡು, ಮತ್ತು ಅದರ ಎರಡೂ ತುದಿ ಹಿಡಿದು ಕೂತ ಟ್ರಾನ್ಸ್‌ಪೋಸೇಸ್ ಎಂಬ ಸೇರಿಸುವ ಕಿಣ್ವ. ಮೆಗ್ನೀಸಿಯಮ್ ಸಿಗುವ ತನಕ ಸುಮ್ನೆ ಇರುತ್ತದೆ. ಎಲೆಕ್ಟ್ರೊಪೊರೇಷನ್ ಮಾಡಿ, ಅಂದರೆ ವಿದ್ಯುತ್ ಹೊಡೆತ ಕೊಟ್ಟು, ಕೋಶದೊಳಗೆ ತೂರಿಸಿದರೆ ಅಲ್ಲಿ ಮೆಗ್ನೀಸಿಯಮ್ ಸಿಕ್ಕಿ, ಕ್ರೋಮೋಸೋಮಿನಲ್ಲಿ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತದೆ. ಜೀನ್ ಮಧ್ಯೆ ಸೇರಿದರೆ ಆ ಜೀನ್ ಕೆಟ್ಟ ಹಾಗೆ. ಕೋಶಗಳಲ್ಲಿ ಉಪ್ಪು ಉಳಿದಿದ್ದರೆ ಮಾತ್ರ ವಿದ್ಯುತ್ ಕೊಡುವ ಪುಟ್ಟ ಪಾತ್ರೆ, ಕ್ಯುವೆಟ್, 'ಚಟ್' ಅನ್ನುತ್ತದೆ, ದುಬಾರಿ ಮಾಲು ಹೋಯಿತು. ಚೆನ್ನಾಗಿ ತೊಳೆಯಿರಿ.

ನಾನು ಜಾಸ್ತಿ ಬಳಸಿದ್ದು ಸೆರೇಷಿಯಾ ಎಂಬ ಕೆಂಪು ಬ್ಯಾಕ್ಟೀರಿಯಾ ಮೇಲೆ. ಟ್ರಾನ್ಸ್‌ಪೋಸಾನ್ ಸೇರಿದ ಕೋಶ ಮಾತ್ರ ಬೆಳೆಯಲಿ ಅಂತ ಕನಾಮೈಸಿನ್ ಆಂಟಿಬಯೋಟಿಕ್ ಹಾಕಿದ ಪ್ಲೇಟಿನ ತುಂಬ ಕೆಂಪು ಕಾಲೊನಿ, ನಡುವೆ ಎಲ್ಲೋ ಒಂದು ಬೆಳ್ಳಗೆ. ಬಣ್ಣದ ಜೀನ್ ಕೆಟ್ಟಿರಬಹುದು. ಪ್ಲೇಟನ್ನು 30 ಡಿಗ್ರಿಯಲ್ಲಿಡಿ. 37ರಲ್ಲಿ ಬಣ್ಣದ ಜೀನ್ ಕೆಡದ ಕಾಲೊನಿಯೂ ಬಿಳಿಚಿಕೊಳ್ಳುತ್ತದೆ.

ಜೀನ್ ಹೊರತೆಗೆಯುವುದರಲ್ಲಿ ಈ ಕಿಟ್ ನಿಜಕ್ಕೂ ಚೆನ್ನ. ನನ್ನ ಕಿಟ್‌ನ ಟ್ರಾನ್ಸ್‌ಪೋಸಾನ್‌ನಲ್ಲಿ ಆರ್6ಕೆ ಆರಿಜಿನ್ ಇದೆ, ಅಂದರೆ ಪಿಐಆರ್ ಎಂಬ ಜೀನ್ ಇರುವ ಕೋಶದಲ್ಲಿ ಮಾತ್ರ ಡಿಎನ್‌ಎ ನಕಲು ಶುರುವಾಗುವ ಜಾಗ. ಬಿಳಿ ಕಾಲೊನಿಯ ಡಿಎನ್‌ಎ ಕತ್ತರಿಸಿ, ತುಂಡುಗಳನ್ನು ಉಂಗುರವಾಗಿ ಅಂಟಿಸಿ, ಪಿಐಆರ್ ಜೀನ್ ಇರುವ ಇ. ಕೊಲೈಗೆ ಹಾಕಿದರೆ ಟ್ರಾನ್ಸ್‌ಪೋಸಾನ್ ಇರುವ ಉಂಗುರ ಮಾತ್ರ ಉಳಿಯುತ್ತದೆ. ಅದರ ತುದಿಗಳಿಂದ ಹೊರಮುಖವಾಗಿ ಸೀಕ್ವೆನ್ಸ್ ಮಾಡಿ. ಟಿಎನ್5 ಸೇರುವಾಗ ಅಲ್ಲಿನ 9 ಬೇಸ್ (ಡಿಎನ್‌ಎಯ ಅಕ್ಷರಗಳು) ಎರಡಾಗುತ್ತವೆ; ಎರಡೂ ಬದಿಯಲ್ಲಿ ಅದೇ 9 ಬೇಸ್ ಮರುಕಳಿಸಿದ್ದರೆ ಜಾಗ ಸರಿಯಿದೆ. 1984ರಲ್ಲಿ ಮೆಕ್ಕೆಜೋಳದ ಬ್ರಾಂಜ್ ಎಂಬ ಬಣ್ಣದ ಜೀನ್ ಸಿಕ್ಕಿದ್ದೂ ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಗುರುತಿಸಿದ್ದ ಎಸಿ ಎಂಬ ಜಿಗಿಯುವ ಡಿಎನ್‌ಎ ಹಿಡಿದೇ. ಆಗ ಈ ರೆಡಿಮೇಡ್ ಟ್ಯೂಬ್ ಎಲ್ಲಿತ್ತು!

ನನ್ನ ದೊಡ್ಡ ತಕರಾರು ಜತೆಗೆ ಬರುವ ಕೈಪಿಡಿ ಬಗ್ಗೆ. ಸೀಕ್ವೆನ್ಸ್ ಬಂದರೆ ಕೆಲಸ ಮುಗಿಯಿತು ಅನ್ನೋ ಹಾಗೆ ಬರೆದಿದ್ದಾರೆ. ಸೆರೇಷಿಯಾದ ಬಣ್ಣದ ಜೀನ್‌ಗಳು ಒಂದೇ ಆಪೆರಾನ್‌ನಲ್ಲಿ, ಅಂದರೆ ಒಟ್ಟಿಗೆ ಓದಿಸಿಕೊಳ್ಳುವ ಗುಂಪಿನಲ್ಲಿ, ಸಾಲಾಗಿವೆ. ಸಾಲಿನಲ್ಲಿ ಮೊದಲು ಬರುವ ಜೀನ್‌ಗೆ ಟ್ರಾನ್ಸ್‌ಪೋಸಾನ್ ಬಿದ್ದರೆ ಅದರ ನಂತರದವೂ ಬಾಯಿ ಮುಚ್ಚುತ್ತವೆ. ಹಾಗಾದರೆ ಬಣ್ಣ ಹೋಗಿದ್ದು ಯಾವುದರಿಂದ? ಆ ಒಂದು ಜೀನಿನ ಕೆಡದ ಪ್ರತಿಯನ್ನು ಪ್ಲಾಸ್ಮಿಡ್‌ನಲ್ಲಿ (ಚಿಕ್ಕ ಉಂಗುರ ಡಿಎನ್‌ಎ) ವಾಪಸ್ ಕೊಡಿ. ಕೆಂಪು ಮರಳಿದರೆ ನಂಬಿ. ಇನ್ನು, ಯಾವುದಿಲ್ಲದೆ ಕೋಶ ಬದುಕುವುದೇ ಇಲ್ಲವೋ ಅಂಥ ಜೀನ್ ಇಲ್ಲಿ ಸಿಗುವುದಿಲ್ಲ. ಅದು ಕೆಟ್ಟ ಕೋಶ ಕಾಲೊನಿಯೇ ಆಗಲ್ಲ, ಅಲ್ವಾ?

ನಿಮ್ಮ ಬ್ಯಾಕ್ಟೀರಿಯಾಗೆ ಎಲೆಕ್ಟ್ರೊಪೊರೇಷನ್ ಒಗ್ಗದಿದ್ದರೆ ಈ ಕಿಟ್ ಬೇಡ. ಕಾಂಜುಗೇಷನ್ (ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ನೇರವಾಗಿ ಡಿಎನ್‌ಎ ದಾಟಿಸುವುದು) ಮೂಲಕ ಟ್ರಾನ್ಸ್‌ಪೋಸಾನ್ ಸಾಗಿಸುವ ಪ್ಲಾಸ್ಮಿಡ್ ಹುಡುಕಿ. ಅದು ಅಗ್ಗವೂ ಹೌದು.