ವೈಫೈ ಕಾರ್ಡ್ ಹೋಗಿದೆ ಎಂದು ಅಂಗಡಿಯವರು ಹೇಳಿದರೆ: ಲಿನಕ್ಸ್ ಬಳಸುವವರಿಗೆ ಎಚ್ಚರಿಕೆ

ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ವೈಫೈ ಬರುತ್ತಿಲ್ಲವೆಂದು ರಿಪೇರಿ ಅಂಗಡಿಗೆ ಹೋದರೆ ಬಹಳ ಸಲ ಸಿಗುವ ಉತ್ತರ ಇದು: ಕಾರ್ಡ್ ಹೋಗಿದೆ, ಇಂಟೆಲ್ ಕಾರ್ಡ್ ಹಾಕಿಸಿಕೊಳ್ಳಿ, ಲಿನಕ್ಸಿಗೆ ಅದೇ ಸರಿ. ಇದರಲ್ಲಿ ಕೊನೆಯ ಮಾತು ಬಹುಮಟ್ಟಿಗೆ ನಿಜ. ಮೊದಲನೆಯ ಮಾತು ನಿಜವೋ ಸುಳ್ಳೋ ಎಂದು ಹೇಳಲು ಟರ್ಮಿನಲ್‌ನಲ್ಲಿ, ಎಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಒಂದು ಸಾಲು ಟೈಪು ಮಾಡಿದರೆ ಸಾಕಿತ್ತು. ಅಷ್ಟನ್ನೂ ಮಾಡದೆ ಸ್ಕ್ರೂ ಬಿಚ್ಚಿದ್ದರಿಂದ ನನ್ನ ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಆ ಯಂತ್ರದಲ್ಲಿ ಎಂದೂ ಕೆಲಸ ಮಾಡಲಾರದ ಕಾರ್ಡೊಂದು ಬಂದು ಕೂತಿತು, ಆಂಟೆನಾ ತಂತಿಯ ತುದಿ ಸಡಿಲಗೊಂಡಿತು, ಹಣವೂ ಹೋಯಿತು. ಹಳೆಯ ಕಾರ್ಡಿಗೆ ಏನೂ ಆಗಿರಲಿಲ್ಲ.

ಅದು ಎಎಂಡಿ ರೈಜನ್ ಪ್ರೊಸೆಸರ್ ಇರುವ, ಕಡಿಮೆ ಬೆಲೆಯ ಲ್ಯಾಪ್‌ಟಾಪ್. ಕೊಂಡಾಗಲೇ ಅದಕ್ಕೆ ಲಿನಕ್ಸಿನ ಒಂದು ರೂಪವಾದ ಉಬುಂಟು 20.04 ಹಾಕಿಸಲಾಗಿತ್ತು, ವಿಂಡೋಸ್ ಇರಲಿಲ್ಲ. ಒಳಗಿದ್ದ ವೈಫೈ ಕಾರ್ಡ್ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8821ಸಿಇ. ಆ ಉಬುಂಟುವಿನ ಜೊತೆ ಬಂದ ಕರ್ನಲ್ (ಲಿನಕ್ಸಿನ ತಿರುಳು) 5.4ರಲ್ಲಿ ಈ ಕಾರ್ಡಿಗೆ ಡ್ರೈವರ್, ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಇರಲಿಲ್ಲ. ಅದು ಕರ್ನಲ್‌ನೊಳಗೆ ಸೇರಿದ್ದು 5.9ರಲ್ಲಿ. ಹಾಗಾಗಿ ಅಂದು ಉಬುಂಟು ಹಾಕಿಕೊಟ್ಟವರು ಹೊರಗಿನಿಂದ ಡ್ರೈವರಿನ ಮೂಲಪಠ್ಯ (ಸೋರ್ಸ್ ಕೋಡ್) ತಂದು, ಡಿಕೆಎಂಎಸ್ ಮೂಲಕ ಅಳವಡಿಸಿದ್ದರು. ಆ ಹೊತ್ತಿಗೆ ಅದು ಸರಿಯಾದ ಕೆಲಸವೇ. ಡಿಕೆಎಂಎಸ್ ಎಂಬುದು ಹೊಸ ಕರ್ನಲ್ ಬಂದಾಗಲೆಲ್ಲ ಇಂಥ ಹೊರಗಿನ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುವ, ಎಂದರೆ ಆ ಕರ್ನಲ್‌ಗೆ ಹೊಂದುವಂತೆ ಕಟ್ಟುವ, ವ್ಯವಸ್ಥೆ. ಮುಂದೆ ಕರ್ನಲ್‌ನ ಸ್ವಂತ ಡ್ರೈವರ್ ಬಂದು ಇದರೊಡನೆ ಜಗಳಕ್ಕೆ ನಿಲ್ಲದಿರಲೆಂದು ಅದನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಸಾಲೊಂದನ್ನೂ ಸಂರಚನಾ ಕಡತದಲ್ಲಿ ಬರೆದಿಟ್ಟಿದ್ದರು.

ತೊಡಕು ಹುಟ್ಟಿದ್ದು ಉಬುಂಟು 24.04ಕ್ಕೆ ಏರಿದ ಮೇಲೆ. ಅದರ ಕರ್ನಲ್ 6.8. ಐದಾರು ವರ್ಷ ಹಳೆಯದಾದ ಆ ಮೂಲಪಠ್ಯ ಹೊಸ ಕರ್ನಲ್‌ಗೆ ಕಂಪೈಲ್ ಆಗಲಿಲ್ಲ; ಆದರೆ ಬ್ಲ್ಯಾಕ್‌ಲಿಸ್ಟ್ ಸಾಲು ಇದ್ದಲ್ಲೇ ಉಳಿಯಿತು. ಹೊರಗಿನ ಡ್ರೈವರ್ ಏಳಲಿಲ್ಲ, ಒಳಗಿನದಕ್ಕೆ ಏಳಲು ಅಪ್ಪಣೆಯಿಲ್ಲ. ಬಳಸುವವರಿಗೆ ಕಾಣುವುದು ಮಾತ್ರ ‘ವೈಫೈ ಅಡಾಪ್ಟರ್ ಇಲ್ಲ’ ಎಂಬ ಸಂದೇಶ. ಲ್ಯಾಬ್ ಕೆಲಸ ಒಪ್ಪಿಸುವ ಅವಸರದಲ್ಲಿದ್ದ ಹುಡುಗಿ ಹತ್ತಿರದ ಅಂಗಡಿಗೆ ಕೊಟ್ಟಳು. ಅವರು ಯಂತ್ರವನ್ನು ಆನ್ ಮಾಡಿ, ಆ ಸಂದೇಶವನ್ನು ನೋಡಿ, ಹಿಂಬದಿಯ ಮುಚ್ಚಳ ತೆಗೆದರು.

ಹಾಕಿದ ಹೊಸ ಕಾರ್ಡ್ ಇಂಟೆಲ್ ಎಎಕ್ಸ್201. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ಇಂಟೆಲ್‌ನಲ್ಲಿ ಎಎಕ್ಸ್200 ಎಂಬ ಕಾರ್ಡೂ ಇದೆ, ಎಎಕ್ಸ್201 ಎಂಬ ಕಾರ್ಡೂ ಇದೆ. ಎರಡೂ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಎಂ.2 ಕಾರ್ಡುಗಳಾಗಿ ಬರುತ್ತವೆ, ಎರಡೂ ಒಂದೇ ಸ್ಲಾಟಿನಲ್ಲಿ ಕೂರುತ್ತವೆ, ಎರಡರ ಸ್ಕ್ರೂ ಜಾಗವೂ ಒಂದೇ. ಆದರೆ ಎಎಕ್ಸ್200 ತನ್ನಷ್ಟಕ್ಕೆ ಪೂರ್ಣವಾದ ವೈಫೈ ಕಾರ್ಡ್. ಪಿಸಿಐ ಎಕ್ಸ್‌ಪ್ರೆಸ್ ಎಂಬ, ಇಂಟೆಲ್ ಎಎಂಡಿ ಎರಡರಲ್ಲೂ ಇರುವ ಸಂಪರ್ಕದ ಮೂಲಕ ಮಾತನಾಡುತ್ತದೆ, ಎಎಂಡಿ ಯಂತ್ರದಲ್ಲೂ ನಡೆಯುತ್ತದೆ. ಎಎಕ್ಸ್201 ಹಾಗಲ್ಲ. ಸಿಎನ್‌ವಿಐ ಎಂದು ಇಂಟೆಲ್ ಕರೆಯುವ ಏರ್ಪಾಟಿನಲ್ಲಿ ವೈಫೈನ ಮುಖ್ಯ ಭಾಗ ಇಂಟೆಲ್‌ನದೇ ಪ್ರೊಸೆಸರ್ ಅಥವಾ ಚಿಪ್‌ಸೆಟ್‌ನೊಳಗೆ ಇರುತ್ತದೆ, ಕಾರ್ಡಿನಲ್ಲಿ ಉಳಿಯುವುದು ರೇಡಿಯೋ ಭಾಗ ಮಾತ್ರ. ಅದಕ್ಕೆ ಜೊತೆಯಾಗುವ ಇನ್ನರ್ಧ ಎಎಂಡಿ ಯಂತ್ರದಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಆ ಕಾರ್ಡ್ ಅಲ್ಲಿ ಲಿನಕ್ಸಿಗಷ್ಟೇ ಅಲ್ಲ, ವಿಂಡೋಸಿಗೂ ಕಾಣುವುದಿಲ್ಲ. ಎಎಕ್ಸ್211 ಮತ್ತು ಎಎಕ್ಸ್210, 9560 ಮತ್ತು 9260 ಎಂಬ ಜೋಡಿಗಳಲ್ಲಿಯೂ ಇದೇ ಕಥೆ. ಜೋಡಿಯಲ್ಲಿ ಮೊದಲು ಹೇಳಿದ್ದು ಇಂಟೆಲ್ ಯಂತ್ರಗಳಿಗಷ್ಟೇ ಮೀಸಲು, ಅದೂ ಸಿಎನ್‌ವಿಐ ಒಪ್ಪುವ ಯಂತ್ರಗಳಿಗೆ ಮಾತ್ರ.

ಕಾರ್ಡ್ ಕಾಣದಿದ್ದಾಗ ಅಂಗಡಿಯವರು ಹೇಳಿದ್ದು, “ಇದು ಲಿನಕ್ಸ್ ಪ್ರಾಬ್ಲಮ್ ಸಾರ್, ವಿಂಡೋಸ್ ಹಾಕಿಸಿಬಿಡಿ, ಎದ್ದು ಕೂರುತ್ತೆ.” ಏಳುತ್ತಿರಲಿಲ್ಲ. ಕಾರ್ಡನ್ನು ವಾಪಸು ಪಡೆಯುವಂತೆ ಕೇಳಿದರೆ ಪೊಟ್ಟಣ ಒಡೆದ ಮೇಲೆ ತೆಗೆದುಕೊಳ್ಳುವುದಿಲ್ಲವೆಂದರು. ರಸೀತಿಯಲ್ಲಿ ‘ವೈಫೈ ಕಾರ್ಡ್, 1’ ಎಂದಷ್ಟೇ ಇತ್ತು. ಯಾವ ಮಾದರಿ, ಯಾವ ಲ್ಯಾಪ್‌ಟಾಪಿಗೆ ಎಂಬ ಮಾತೇ ಇರಲಿಲ್ಲ.

ಹಳೆಯ ಕಾರ್ಡನ್ನು ಮಾತ್ರ ಪುಣ್ಯಕ್ಕೆ ಮರಳಿಸಿದ್ದರು. ಅದನ್ನು ಮತ್ತೆ ಕೂರಿಸಿ ಟರ್ಮಿನಲ್‌ನಲ್ಲಿ ಒಳಗಿನ ಕಾರ್ಡುಗಳನ್ನೂ ಅವುಗಳ ಡ್ರೈವರನ್ನೂ ಪಟ್ಟಿ ಮಾಡುವ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ (lspci -nnk) ಆಜ್ಞೆ ಕೊಟ್ಟಾಗ ರಿಯಲ್‌ಟೆಕ್ ಎಂಬ ಹೆಸರೂ, ಪಕ್ಕದ ಚೌಕ ಆವರಣದಲ್ಲಿ 10ಇಸಿ:ಸಿ821 ಎಂಬ ಗುರುತೂ ಬಂದವು. ಕಾರ್ಡ್ ಸತ್ತಿದ್ದರೆ ಈ ಸಾಲೇ ಬರುವುದು ಕಷ್ಟ. ಅದರ ಕೆಳಗೆ ‘ಕರ್ನಲ್ ಮಾಡ್ಯೂಲ್ಸ್’ ಎಂಬುದರ ಮುಂದೆ ಆರ್‌ಟಿಡಬ್ಲ್ಯೂ88_8821ಸಿಇ ಎಂಬ ಡ್ರೈವರಿನ ಹೆಸರು ಇತ್ತು, ಆದರೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇರಲಿಲ್ಲ. ಎಂದರೆ ಯಂತ್ರಾಂಶ ಇದೆ, ತಕ್ಕ ಡ್ರೈವರೂ ಡಿಸ್ಕಿನಲ್ಲಿದೆ, ಅವೆರಡನ್ನೂ ಕೂಡಿಸುವುದಕ್ಕೆ ಏನೋ ಅಡ್ಡಬಂದಿದೆ. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಡ್ರೈವರ್ ತಾನಾಗಿ ಏಳುವುದನ್ನು ಮಾತ್ರ. ಹೆಸರು ಹಿಡಿದು ಕರೆದರೆ ಅದು ಬರುತ್ತದೆ. ‘ಸುಡೊ ಮಾಡ್‌ಪ್ರೋಬ್’ ಮುಂದೆ ಆ ಮಾಡ್ಯೂಲಿನ ಹೆಸರು ಬರೆದು ಎಂಟರ್ ಒತ್ತಿದ ಮೇಲೆ ಮೇಲಿನ ಪಟ್ಟಿಯಲ್ಲಿ ವೈಫೈ ಚಿಹ್ನೆ ಮೂಡಿತು. “ಮಾವ, ಇಷ್ಟೇನಾ?” ಎಂದು ಅವಳು ಕೇಳಿದಳು. ಇಷ್ಟೇ. ಬಳಿಕ ಬ್ಲ್ಯಾಕ್‌ಲಿಸ್ಟ್ ಸಾಲನ್ನು ಅಳಿಸಿ, ‘ಡಿಕೆಎಂಎಸ್ ಸ್ಟೇಟಸ್’ ತೋರಿಸಿದ ಹಳೆಯ ಡ್ರೈವರನ್ನು ತೆಗೆದುಹಾಕಿ, ಇನಿಟ್‌ರಾಮ್‌ಎಫ್‌ಎಸ್ (ಯಂತ್ರ ಶುರುವಾಗುವಾಗ ಕರ್ನಲ್ ಮೊದಲು ಬಳಸುವ ಕಡತ) ಹೊಸದಾಗಿ ಕಟ್ಟಿ, ಯಂತ್ರವನ್ನು ಮತ್ತೆ ಶುರು ಮಾಡಲಾಯಿತು.

ಆದರೂ ರೂಟರ್ ಇರುವ ಕೋಣೆ ಬಿಟ್ಟು ಹೊರಬಂದರೆ ಸಂಪರ್ಕ ಕಡಿಯುತ್ತಿತ್ತು. ಇದು ಅಂಗಡಿಯ ಕೊಡುಗೆ. ಈ ಕಾರ್ಡುಗಳ ಆಂಟೆನಾ ತಂತಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾದ ಲೋಹದ ಗುಂಡಿ ಇರುತ್ತದೆ. ಅದನ್ನು ನೇರವಾಗಿ ಮೇಲಕ್ಕೆ ಎತ್ತಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು. ಎಳೆದಿದ್ದರಿಂದ ಗುಂಡಿ ತಂತಿಯಿಂದ ಸಡಿಲಗೊಂಡಿತ್ತು. 8821ಸಿಇ ಒಂದೇ ಆಂಟೆನಾದ ಕಾರ್ಡ್ ಆದ್ದರಿಂದ ಅಂಥ ಅಗ್ಗದ ಲ್ಯಾಪ್‌ಟಾಪಿನೊಳಗೆ ತಂತಿಯೂ ಒಂದೇ ಇರಬಹುದು, ಇದರಲ್ಲಿ ಇದ್ದದ್ದೂ ಒಂದೇ. ಹಾಗಿರುವಾಗ ಎಎಕ್ಸ್200 ಹಾಕಿದ್ದರೂ ಅದರ ಎರಡನೆಯ ಆಂಟೆನಾ ಜೋಡಣೆ ಖಾಲಿ ಉಳಿದು, ಕೊಟ್ಟ ಹಣಕ್ಕೆ ತಕ್ಕ ವೇಗ ಸಿಗುತ್ತಿರಲಿಲ್ಲ. ಹೊಸ ತಂತಿ ಹಾಕಿಸಿದ ಮೇಲೆ ಮನೆಯಿಡೀ ವೈಫೈ ಸಿಗುತ್ತಿದೆ.

ಆದ್ದರಿಂದ ಯಾರಾದರೂ ಕಾರ್ಡ್ ಬದಲಿಸಬೇಕೆಂದು ಹೇಳಿದರೆ, ಒಪ್ಪುವ ಮುನ್ನ ಉಬುಂಟುವಿನ ಇತ್ತೀಚಿನ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬರೆದು, ಡಿಸ್ಕಿಗೆ ಏನನ್ನೂ ಹಾಕದೆ ಅಲ್ಲಿಂದಲೇ ಯಂತ್ರವನ್ನು ಶುರು ಮಾಡಿ ನೋಡಿ. ನಿಮ್ಮ ಡಿಸ್ಕಿನಲ್ಲಿರುವ ಹಳೆಯ ಬ್ಲ್ಯಾಕ್‌ಲಿಸ್ಟ್, ಹಳೆಯ ಡ್ರೈವರ್ ಯಾವುದೂ ಅಲ್ಲಿ ಇರುವುದಿಲ್ಲ. ಅಲ್ಲಿ ವೈಫೈ ಬಂದರೆ ಕಾರ್ಡ್ ಸರಿಯಿದೆ ಎಂದೇ ಅರ್ಥ. ಈ ನಡುವೆ ಇಂಟರ್‌ನೆಟ್ ಬೇಕಾದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಸಾಕು, ಅದಕ್ಕೆ ಬೇರೆ ಡ್ರೈವರ್ ಹುಡುಕಬೇಕಿಲ್ಲ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ಕಾವಲು) ಆಫ್ ಮಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ, ಅದೇ ಯಂತ್ರದಲ್ಲಿ ವಿಂಡೋಸೂ ಇದ್ದು, ಡಿಸ್ಕಿಗೆ ಬೀಗ ಹಾಕುವ ಅದರ ಬಿಟ್‌ಲಾಕರ್ ಚಾಲೂ ಇದ್ದರೆ ಮುಂದಿನ ಸಲ ವಿಂಡೋಸ್ ರಿಕವರಿ ಕೀ ಕೇಳಬಹುದು. ಆ ಕೀಯನ್ನು ಮೊದಲೇ ಬರೆದಿಟ್ಟುಕೊಂಡಿರಿ.

ಕಾರ್ಡ್ ನಿಜವಾಗಿಯೇ ಕೆಟ್ಟಿದ್ದರೆ ಎಎಂಡಿ ಯಂತ್ರಕ್ಕೆ ಎಎಕ್ಸ್200 ಅಥವಾ ಎಎಕ್ಸ್210 ಕೇಳಿ. ಮೊದಲನೆಯದಕ್ಕೆ ಕರ್ನಲ್ 5.1, ಎರಡನೆಯದಕ್ಕೆ 5.10 ಅಥವಾ ಅದಕ್ಕಿಂತ ಹೊಸದು ಇರಬೇಕು. ಹಳೆಯ ಥಿಂಕ್‌ಪ್ಯಾಡ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಕೆಲವು ತಮ್ಮ ಬಯೋಸ್ (ಯಂತ್ರವನ್ನು ಶುರು ಮಾಡುವ ಒಳತಂತ್ರಾಂಶ) ಒಪ್ಪದ ಕಾರ್ಡ್ ಕಂಡರೆ ಶುರುವಾಗುವುದಕ್ಕೇ ನಿರಾಕರಿಸುತ್ತವೆ ಎಂಬುದನ್ನೂ ವಿಚಾರಿಸಿಕೊಳ್ಳಿ. ಕಾರ್ಡಿನ ಮೇಲಿನ ಚೀಟಿಯಲ್ಲಿರುವ ಮಾದರಿಯನ್ನು ಅಂಗಡಿಯಲ್ಲೇ ನಿಂತು ಓದಿ, ಅದನ್ನೂ ನಿಮ್ಮ ಲ್ಯಾಪ್‌ಟಾಪಿನ ಮಾದರಿಯನ್ನೂ ‘ಹೊಂದದಿದ್ದರೆ ವಾಪಸು’ ಎಂಬ ಮಾತನ್ನೂ ರಸೀತಿಯಲ್ಲಿ ಬರೆಸಿಕೊಂಡ ಮೇಲೆ ಹಣ ಕೊಡಿ.